ವಿಶ್ವಕೋಶದಲ್ಲಿ ನನ್ನ ಸೆರಗು

ಆಗ ನನಗೆ ಅರವತ್ತೆಂಟು, ಇದು ಎರಡು ವರ್ಷದ ಹಿಂದಿನ ಮಾತು. ಅರವತ್ತೆಂಟೇ ಅಂತ ಆಣೆ ಇಟ್ಟು ಹೇಳಲಾರೆ. ಆಧಾರ್ ಕಾರ್ಡು ಮಾಡಲು ಬಂದವನು ಹುಟ್ಟಿದ ವರ್ಷ ಕೇಳಿದ, ಗೊತ್ತಿಲ್ಲ ಅಂದೆ. ನನ್ನ ಮುಖ ನೋಡಿ ಒಂದು ವರ್ಷ ಹಾಕಿಕೊಂಡ. ಅಲ್ಲಿಂದ ಅವನು ಹಾಕಿದ ವಯಸ್ಸಿನಲ್ಲೇ ಬದುಕುತ್ತಿದ್ದೇನೆ.

ಓದಿದ್ದು ಮೂರನೇ ಕ್ಲಾಸು. ಅಕ್ಷರ ಕೂಡಿಸಿಕೊಂಡು ಓದುತ್ತೇನೆ. ಒತ್ತಕ್ಷರ ಬಂದರೆ ಅಲ್ಲೇ ನಿಂತು ಉಸಿರು ತೆಗೆದುಕೊಂಡು ಮುಂದಕ್ಕೆ ಹೋಗುತ್ತೇನೆ. ಇಂಥವಳ ಹತ್ತಿರ ನಮ್ಮೂರ ಮೇಷ್ಟ್ರು ವಿಶ್ವಕೋಶ ತಿದ್ದಿಸಿಕೊಳ್ಳಲು ಬಂದರು ಅಂದರೆ ನೀವು ನಗಬಹುದು. ನಾನೂ ನಕ್ಕೆ.

ಮೇಷ್ಟ್ರು ನಮ್ಮೂರ ಶಾಲೆಯಲ್ಲೇ ಪಾಠ ಮಾಡಿ ರಿಟೈರಾದವರು. ವಿಶ್ವಕೋಶ ಅಂದರೆ ದಪ್ಪ ಪುಸ್ತಕ ಅಂತ ನಾನು ತಿಳಿದಿದ್ದೆ. ಇದು ಮೊಬೈಲಿನೊಳಗೆ ಇರುವುದಂತೆ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಬರೆದವರಿಗೆ ಯಾರೂ ಕಾಸು ಕೊಡುವುದಿಲ್ಲ.

"ಮತ್ತೆ ಯಾಕ್ ಬರೀತೀರಿ?" ಅಂದೆ.

"ಸುಮ್ನೆ ಕೂತ್ರೆ ನಮ್ಮನೆಯೋಳು ಈರುಳ್ಳಿ ಎಚ್ಚುಸ್ತಾಳೆ ಕಣಕ್ಕ," ಅಂದರು.

ಅದು ಅವರೆಕಾಯಿ ಕಾಲ. ನಾನೂ ಅಕ್ಕನೂ ಅಂಗಳದಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದೆವು. ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನನ್ನ ಯಜಮಾನರು ಹೋಗಿ ಬಹಳ ವರ್ಷವಾಯಿತು. ಮನೆ ಎರಡಾಗಿ ಅದಕ್ಕೂ ಬಹಳ ವರ್ಷ. ಅಂಗಳ ಮಾತ್ರ ಒಂದೇ ಉಳಿಯಿತು. ಅಕ್ಕನ ಗಂಡ, ಅಂದರೆ ನನ್ನ ಭಾವ, ಜಗಲಿಯ ಮೇಲೆ ಮುಖಕ್ಕೆ ಟವಲ್ಲು ಹೊದ್ದು ಮಲಗಿದ್ದರು. ಮಧ್ಯಾಹ್ನದ ಹೊತ್ತು. ನಮ್ಮೂರು ಚಿನಕುರಳಿಗೆ ಹತ್ತಿರ, ಆ ಹೊತ್ತಿಗೆ ಕ್ವಾರಿಯಲ್ಲಿ ಕಲ್ಲು ಸಿಡಿಸುತ್ತಾರೆ, ಅಟ್ಟದ ಮೇಲಿನ ಪಾತ್ರೆ ಟಿಣ್ ಅನ್ನುತ್ತವೆ. ಭಾವ ಅದಕ್ಕೂ ಏಳುವವರಲ್ಲ.

ಮೇಷ್ಟ್ರು ಕಟ್ಟೆಯ ಮೇಲೆ ಕೂತು ಕನ್ನಡಕ ಏರಿಸಿ ನನ್ನ ಕಡೆ ತಿರುಗಿದರು, ನನ್ನನ್ನೂ ಅವರು ಅಕ್ಕ ಅಂತಲೇ ಕರೆಯುವುದು. "ಅಕ್ಕ, ನಮ್ ಪಂಚಾಯ್ತಿ ಬಗ್ಗೆ ಒಂದ್ ಲೇಖನ ಬರ್ದಿದೀನಿ. ಅವಿಶ್ವಾಸದ್ದು. ಆಕೋಕ್ ಮುಂಚೆ ಅದ್ರಲ್ಲಿದ್ದೋರು ಒಬ್ರು ನೋಡ್ಲಿ ಅಂತ ತಂದೆ. ತಪ್ಪಿದ್ರೆ ಯೋಳಿ."

"ಮೊದ್ಲು ಓದಿ, ಆಮೇಲ್ ಬಯ್ತೀನಿ," ಅಂದೆ.

ಶಾಲೆಯಲ್ಲಿ ಓದುತ್ತಿದ್ದ ಧ್ವನಿಯಲ್ಲೇ ಓದಿದರು. "ಪ್ರಸ್ತುತ ಗ್ರಾಮ ಪಂಚಾಯಿತಿಯು ತನ್ನ ವಿಶಾಲವಾದ ಕೆರೆ, ಪುರಾತನ ಬಸವೇಶ್ವರ ದೇಗುಲ ಹಾಗೂ ಅಧ್ಯಕ್ಷರ ಪದಚ್ಯುತಿ ಪ್ರಕರಣದಿಂದ ಈ ಭಾಗದಲ್ಲಿ ಚಿರಪರಿಚಿತವಾಗಿದೆ."

"ಕೆರೆ ವಿಶಾಲ ಅಲ್ಲ," ಅಂದೆ. "ಅರ್ಧ ಕೆರೇಲಿ ಜೋಳ ಆಕವ್ರೆ."

"ಅದನ್ನ ಬರೆಯೋಕಾಗಲ್ಲ ಅಕ್ಕ, ಕೇಸಾಗ್ತದೆ."

"ಬರೆಯೋಕಾಗ್ದಿದ್ರೆ ವಿಶಾಲ ಅನ್ನೋದನ್ನಾದ್ರೂ ತೆಗೀರಿ."

ಮೇಷ್ಟ್ರು ವಿಶಾಲ ತೆಗೆದರು. ಮುಂದಕ್ಕೆ ಓದಿದರು. ಎರಡೂವರೆ ವರ್ಷದ ಅಧಿಕಾರವನ್ನು ಇಬ್ಬರು ಸದಸ್ಯೆಯರು ಅರ್ಧರ್ಧ ಹಂಚಿಕೊಳ್ಳುವುದು ಅಂತ ಒಳಗೊಳಗೇ ಒಪ್ಪಂದವಾಗಿದ್ದದ್ದು, ಮೊದಲ ಅರ್ಧ ಮುಗಿದರೂ ಅಧ್ಯಕ್ಷೆ ರಾಜೀನಾಮೆ ಕೊಡದೆ ಇದ್ದದ್ದು, ಉಳಿದ ಸದಸ್ಯರು ಅವಿಶ್ವಾಸ ತಂದದ್ದು, ಎಲ್ಲ ಸರಿಯಾಗೇ ಇತ್ತು. ಆ ಅಧ್ಯಕ್ಷೆ ನಮ್ಮ ಅಕ್ಕನೇ, ಇನ್ನರ್ಧ ಸಿಗಬೇಕಾಗಿದ್ದವಳು ಪಕ್ಕದೂರಿನವಳು. ತನ್ನ ಸುದ್ದಿ ಬಂದಾಗ ಅವಳು ಅವರೆಕಾಳು ಬಿಟ್ಟು ತಲೆಗೂದಲು ಸರಿಮಾಡಿಕೊಂಡಳು, ಯಾರೋ ಫೋಟೋ ತೆಗೆಯುತ್ತಿರುವ ಹಾಗೆ.

ಆಮೇಲೆ ಆ ಸಾಲು ಬಂತು. ಅದನ್ನು ಮೇಷ್ಟ್ರ ಬಾಯಿಂದ ಕೇಳಿ ನನಗೆ ನಂಬಿಕೆ ಬರಲಿಲ್ಲ. ಮೊಬೈಲು ಕೊಡಿ ಅಂದೆ. ಅವರು ಎರಡು ಬೆರಳಲ್ಲಿ ಅಕ್ಷರ ಹಿಗ್ಗಿಸಿ ಕೊಟ್ಟರು. ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿದೆ. "ಮತ ಎಣಿಕೆಯ ವೇಳೆ ಕಿಟಕಿಯಲ್ಲಿ ತಮ್ಮ ಭಾವನವರನ್ನು ಕಂಡು ಸಂಪ್ರದಾಯದಂತೆ ತಲೆಯ ಮೇಲೆ ಸೆರಗು ಎಳೆದುಕೊಳ್ಳಲು ಸದಸ್ಯೆಯೊಬ್ಬರು ಎತ್ತಿದ ಕೈಯನ್ನು ಮತವೆಂದು ಪರಿಗಣಿಸಲಾಗಿ, ನಿರ್ಣಯವು ಅಂಗೀಕಾರವಾಯಿತು."

ಓದಿ ಮುಗಿಸುವ ಹೊತ್ತಿಗೆ ಮೈಯೆಲ್ಲ ಉರಿಯಿತು.

"ಇದ್ನ ತೆಗೀರಿ," ಅಂದೆ.

ಯಾಕೆ ಉರಿಯಿತು ಅಂತ ನಿಮಗೆ ತಿಳಿಯಬೇಕಾದರೆ ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

ಆ ಸಲದ ಪಂಚಾಯಿತಿ ಎಲೆಕ್ಷನ್ನಿನಲ್ಲಿ ನಮ್ಮೂರ ಎರಡು ವಾರ್ಡೂ ಹೆಂಗಸರಿಗೆ ಬಂದವು. ಭಾವ ನಿಲ್ಲುವಂತಿರಲಿಲ್ಲ. ಒಂದಕ್ಕೆ ಹೆಂಡತಿಯನ್ನು ನಿಲ್ಲಿಸಿದರು, ಇನ್ನೊಂದಕ್ಕೆ ತಮ್ಮನ ಹೆಂಡತಿಯನ್ನು. ಇಬ್ಬರೂ ಗೆದ್ದೆವು. ಅಕ್ಕ ಅಧ್ಯಕ್ಷೆಯಾದಳು. ಅಧ್ಯಕ್ಷರ ತಿರುಗುವ ಕುರ್ಚಿಯಲ್ಲಿ ಭಾವ ಕೂತರು, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಕ್ಕ. ನಮ್ಮ ಕಡೆ ಇದು ಹೊಸದೇನಲ್ಲ. ಅಧ್ಯಕ್ಷೆಯ ಗಂಡನಿಗೆ ಜನ ಅಧ್ಯಕ್ಷರು ಅಂತಲೇ ಕೈ ಮುಗಿಯುತ್ತಾರೆ, ಅಧ್ಯಕ್ಷೆಗೆ ಚೆನ್ನಾಗಿದೀಯೇನವ್ವ ಅನ್ನುತ್ತಾರೆ.

ಕಷ್ಟ ಬಂದದ್ದು ನನಗೆ. ನಮ್ಮ ಮನೆಯಲ್ಲಿ ಭಾವನ ಎದುರು ತಮ್ಮನ ಹೆಂಡತಿ ಕೂರುವಂತಿಲ್ಲ. ತಲೆಯ ಮೇಲೆ ಸೆರಗಿಲ್ಲದೆ ನಿಲ್ಲುವಂತಿಲ್ಲ. ನೇರವಾಗಿ ಮಾತಾಡುವಂತಿಲ್ಲ. ಭಾವನಿಗೂ ಕಟ್ಟು ಇದೆ, ತಮ್ಮನ ಹೆಂಡತಿಯನ್ನು ಮುಖವೆತ್ತಿ ನೋಡುವಂತಿಲ್ಲ. ಏನಾದರೂ ಹೇಳಬೇಕಾದರೆ ನಡುವೆ ಒಬ್ಬರನ್ನು ಇಟ್ಟುಕೊಂಡು ಹೇಳಬೇಕು, ಯಾರೂ ಇಲ್ಲದಿದ್ದರೆ ಎಮ್ಮೆಗೆ ಹೇಳಬೇಕು. ನೀರು ಕಾದದೆ ಅಂತ ನಾನು ಎಮ್ಮೆಗೆ ಹೇಳಿದರೆ ಭಾವ ಸ್ನಾನಕ್ಕೆ ಏಳುತ್ತಾರೆ. ಮನೆಯಲ್ಲಿ ಇದರಿಂದ ಯಾವ ತೊಂದರೆಯೂ ಇರಲಿಲ್ಲ. ಎಮ್ಮೆಗೂ ಇರಲಿಲ್ಲ. ಆದರೆ ಪಂಚಾಯಿತಿ ಮೀಟಿಂಗಿಗೆ ಎಮ್ಮೆ ಬರುವುದಿಲ್ಲವಲ್ಲ.

ಮೊದಲ ಮೀಟಿಂಗಿನಲ್ಲಿ ನನಗೂ ಒಂದು ಕುರ್ಚಿ ಹಾಕಿದ್ದರು. ಭಾವ ಎದುರಿಗೇ ಇದ್ದರು. ಸೆರಗು ಹೊದ್ದು ಬಾಗಿಲ ಪಕ್ಕ ಗೋಡೆಗೆ ಒರಗಿ ನಿಂತೆ. ಎರಡನೇ ಮೀಟಿಂಗಿನಲ್ಲೂ ನಿಂತೆ. ಆ ಕುರ್ಚಿಯ ಮೇಲೆ ಮೊದಮೊದಲು ಯಾರೋ ಬ್ಯಾಗು ಇಡುತ್ತಿದ್ದರು, ಆಮೇಲೆ ಟೀ ಫ್ಲಾಸ್ಕು ಖಾಯಮ್ಮಾಗಿ ಅಲ್ಲೇ ಕೂತಿತು. ಓಟು ಗೆದ್ದವಳು ನಾನು, ಕುರ್ಚಿ ಫ್ಲಾಸ್ಕಿಗೆ. ನಮ್ಮ ಬೀದಿಗೆ ಚರಂಡಿ ಬೇಕು ಅಂತ ಹೇಳಬೇಕಾದರೆ ನಾನು ಅಕ್ಕನಿಗೆ ಹೇಳಬೇಕು, ಅಕ್ಕ ಭಾವನಿಗೆ ಹೇಳಬೇಕು, ಭಾವ ಸಭೆಗೆ ಹೇಳಬೇಕು. ಅಷ್ಟರಲ್ಲಿ ಚರಂಡಿ ಬೇರೆ ಬೀದಿಗೆ ಹೋಗಿರುತ್ತಿತ್ತು. ಓಟು ಹಾಕಿದವರು ಬಂದು, ಏನವ್ವ ನಮ್ ಬೀದಿ ಕತೆ ಅಂದರೆ, ನಿಂತಿದೀನಿ ಕಣಪ್ಪ ಅಂತಿದ್ದೆ. ಅವರು ಎಲೆಕ್ಷನ್ನಿಗೆ ನಿಂತದ್ದು ಅಂದುಕೊಳ್ಳುತ್ತಿದ್ದರು.

ಹೀಗಿರುವಾಗ ಅವಿಶ್ವಾಸ ಬಂತು. ತಂದವರು ಒಗ್ಗಟ್ಟು ಒಡೆಯಬಾರದು ಅಂತ ಒಂದು ಟೆಂಪೋ ಮಾಡಿಕೊಂಡು ಯಾತ್ರೆಗೆ ಹೋದರು. ದೇವರ ಮುಂದೆ ಆಣೆ ಮಾಡಿ, ತಿಂದು ಉಂಡು, ಹಣೆಯ ತುಂಬ ಕುಂಕುಮ ಹಚ್ಚಿಕೊಂಡು ಸೀದಾ ಮೀಟಿಂಗಿಗೇ ಬಂದು ಇಳಿದರು. ನನ್ನನ್ನು ಯಾರೂ ಕರೆಯಲಿಲ್ಲ. ಅವಳು ಆ ಮನೆಯೋಳು, ಅವಳನ್ನೇನು ಕೇಳೋದು ಅಂತ ಅವರು. ಅವಳು ನಮ್ಮನೆಯೋಳು, ಅವಳನ್ನೇನು ಕೇಳೋದು ಅಂತ ಭಾವ. ಎರಡು ಕಡೆಯ ಮಾತೂ ಒಂದೇ. ನಿರ್ಣಯ ಗೆಲ್ಲಲು ಮೂರರಲ್ಲಿ ಎರಡು ಪಾಲು ಕೈ ಬೇಕು, ಅವರಿಗೆ ಒಂದು ಕೈ ಕಡಿಮೆ ಅಂತ ಊರಿಗೆಲ್ಲ ಗೊತ್ತಿತ್ತು. ಭಾವ ಹಿಂದಿನ ದಿನವೇ ಕೋಳಿ ಕೊಯ್ಯಿಸಿದ್ದರು.

ಸಭೆ ನಡೆಸಲು ಎ.ಸಿ. ಸಾಹೇಬರು ಬಂದರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ನಾಲ್ಕು ತಾಲ್ಲೂಕಿಗೂ ಅವರೊಬ್ಬರೇ. ನಾಲ್ಕು ತಾಲ್ಲೂಕಿನ ಜಗಳ ನೋಡಿ ನೋಡಿ ಅವರ ಮುಖದಲ್ಲಿ ನಗುವೂ ಇರಲಿಲ್ಲ ಸಿಟ್ಟೂ ಇರಲಿಲ್ಲ. ಒಳಗೆ ಬಂದವರೇ, ಸದಸ್ಯರಲ್ಲದವರು ಹೊರಗೆ ಹೋಗಬೇಕು ಅಂದರು. ಭಾವ ಆಚೆಈಚೆ ನೋಡಿದರು, ಬೇರೆ ಯಾರಿಗೋ ಹೇಳಿದರು ಅನ್ನುವ ಹಾಗೆ. ಆಮೇಲೆ ಎದ್ದು ಹೋದರು. ಬಾಗಿಲು ಹಾಕಿಕೊಂಡಿತು.

ನಾನು ಫ್ಲಾಸ್ಕನ್ನು ಕೆಳಗಿಟ್ಟು ಕೂತೆ.

ಕುರ್ಚಿ ಚೆನ್ನಾಗಿತ್ತು. ಕೂತರೆ ಎಲ್ಲರ ಮುಖವೂ ಕಾಣುತ್ತಿತ್ತು, ನಿಂತಾಗ ನೆತ್ತಿಗಳು ಮಾತ್ರ ಕಾಣುತ್ತಿದ್ದವು. ನಿರ್ಣಯದ ಪರ ಇರುವವರು ಕೈ ಎತ್ತಿ ಅಂದರು ಸಾಹೇಬರು. ಒಮ್ಮೆ ಕೂತು ನೋಡಿದ ಮೇಲೆ ಮತ್ತೆ ಗೋಡೆಗೆ ಒರಗಲು ನನಗೆ ಮನಸ್ಸಾಗಲಿಲ್ಲ. ಬಲಗೈ ಎತ್ತಿದೆ. ಎಣಿಸುವವರು ಎಣಿಸುತ್ತಾ ಬರುವಾಗ ಕಿಟಕಿಯ ಸರಳಿನ ಆಚೆ ಭಾವನ ಮುಖ ಕಂಡಿತು. ಎಡಗೈ ತಾನಾಗೇ ಹೋಗಿ ಸೆರಗನ್ನು ತಲೆಯ ಮೇಲೆ ಎಳೆಯಿತು. ಬಲಗೈ ಎತ್ತಿದ ಜಾಗದಲ್ಲೇ ಇತ್ತು. ಇಷ್ಟೇ ನಡೆದದ್ದು.

ಮಾರನೇ ದಿನ ಪೇಪರಿನಲ್ಲಿ ಚೌಕಟ್ಟು ಹಾಕಿ ಬಂತು, ಸೆರಗಿನಿಂದ ಕುರ್ಚಿ ಹೋಯಿತು ಅಂತ. ಭಾವನಿಗೆ ಗೌರವ ಕೊಡಲು ಹೋಗಿ ಪಾಪ ಆ ಹೆಣ್ಣುಮಗಳು ಓರಗಿತ್ತಿಯನ್ನೇ ಸೋಲಿಸಿದಳು ಅಂತ. ನಾನು ಬೀದಿಗೆ ಬಂದು, ಬೇಕಂತಲೇ ಎತ್ತಿದ್ದು ಅಂದೆ. ಒಬ್ಬರೂ ನಂಬಲಿಲ್ಲ. ತಪ್ಪಿಗೆ ಬೇಜಾರು ಮಾಡ್ಕೊಂಡು ಹಂಗಂತಾವಳೆ, ಒಳ್ಳೇ ಹೆಂಗಸು ಅಂದರು. ಯಾಕೆ ಎತ್ತಿದೆ ಅಂತ ಯಾರೂ ಕೇಳಲಿಲ್ಲ. ಕೇಳದೆ ಹೇಳುವವಳು ನಾನಲ್ಲ.

ಕತೆಗೆ ಕಾಲು ಬಂತು, ಊರೂರು ಸುತ್ತಿತು. ಮಾಕವಳ್ಳಿಯಲ್ಲಿ ಬೀಗರೂಟಕ್ಕೆ ಕೂತಿದ್ದಾಗ ಪಕ್ಕದ ಎಲೆಯವಳು ನನಗೇ ಹೇಳಿದಳು. ಬೆಳ್ಳೂರು ಕ್ರಾಸಿನ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಹಿಂದಿನ ಬೆಂಚಿನಲ್ಲಿ ಇಬ್ಬರು ಇದನ್ನೇ ಹೇಳಿಕೊಂಡು ನಗುತ್ತಿದ್ದರು. ಅವರ ಕತೆಯಲ್ಲಿ ಭಾವ ಸತ್ತೇ ಹೋಗಿದ್ದರು. ನಾನು ಬಾಯಿ ಮುಚ್ಚಿಕೊಂಡು ಚಟ್ನಿ ಹಾಕಿಸಿಕೊಂಡೆ. ಜನರ ಬಾಯಿ ನಾಲ್ಕು ದಿನ ಅಂತ ಬಿಟ್ಟಿದ್ದೆ. ಆದರೆ ವಿಶ್ವಕೋಶ ನಾಲ್ಕು ದಿನದ್ದಲ್ಲ, ನಾನು ಹೋದ ಮೇಲೂ ಇರುತ್ತದೆ ಅಂತ ಮೇಷ್ಟ್ರೇ ಹೇಳಿದ್ದರು. ಹುಟ್ಟಿದ ಮೇಲೆ ಯಾರನ್ನೂ ಕೇಳದೆ ನಾನೇ ತೀರ್ಮಾನ ಮಾಡಿ ಎತ್ತಿದ ಕೈ ಅದೊಂದು. ಗಂಡು ಗೊತ್ತು ಮಾಡಿದವರು ಅಪ್ಪ, ಎಲೆಕ್ಷನ್ನಿಗೆ ನಿಲ್ಲಿಸಿದವರು ಭಾವ, ವಯಸ್ಸು ಹಾಕಿದವನು ಆಧಾರ್ ಕಾರ್ಡಿನವನು. ಇದೊಂದನ್ನೂ ಸೆರಗಿನ ಲೆಕ್ಕಕ್ಕೆ ಬರೆದರೆ ನನಗೆ ಉಳಿಯುವುದೇನು?

"ಇದ್ನ ತೆಗೀರಿ ಅಂದೆ," ಅಂತ ಮತ್ತೆ ಹೇಳಿದೆ. "ಸೆರಗ್ಗೆ ಎತ್ತಿದ ಕೈ ಅಲ್ಲ ಅದು. ಬೇಕೂಂತ ಎತ್ತಿದ್ದು."

ಮೇಷ್ಟ್ರು ಬಾಯಿ ತೆರೆಯುವ ಮುಂಚೆ ಅಕ್ಕ ನಡುವೆ ಬಾಯಿ ಹಾಕಿದಳು. "ಇರ್ಲಿ ಬುಡಿ ಮೇಷ್ಟ್ರೆ, ಪಸಂದಾಗೈತೆ. ಯಾಕೆ ತೆಗೀಬೇಕು?"

"ಸುಳ್ಳು ಕಣಕ್ಕ ಅದು."

"ಸುಳ್ಳೋ ನಿಜವೋ, ಹತ್ತು ವರ್ಸ ಅದೇ ನಡ್ಕಂಡ್ ಬಂದದೆ. ನಿಂಗೇನ್ ನಷ್ಟ ಆಯ್ತು? ಮರ್ವಾದೆ ಇರೋ ಎಂಗ್ಸು ಅಂತ ಎಸ್ರು ಬಂತು. ನಂಗ್ ಯೋಚ್ನೆ ಮಾಡು. ಸೆರಗಿಂದ ಸೋತ್ಲು ಅಂದ್ರೆ ಅದು ಸೋಲೇ ಅಲ್ಲ. ಸ್ವಂತ ಓರಗಿತ್ತಿನೇ ಬ್ಯಾಡ ಅಂದ್ಲು ಅಂತ ಬರುದ್ರೆ, ನಾನ್ ನಾಳೆ ಡೈರಿ ತಾವ ಎಂಗ್ ಮಕ ತೋರುಸ್ಲಿ?"

"ನಿನ್ನ ಬ್ಯಾಡ ಅಂದೋರ್ ಯಾರು?"

"ಮತ್ತೆ ನೀನು ಕೈ ಎತ್ತಿದ್ದು ನನ್ ಮೇಲ್ ತಾನೆ?"

"ನಿನ್ ಮೇಲ್ ಯಾಕ್ ಎತ್ಲಿ? ನೀನು ಆ ಕುರ್ಚೀಲಿ ಒಂದ್ ದಿನಾನಾದ್ರೂ ಕೂತಿದ್ಯಾ? ಕೂತಿದ್ದೋರ್ ಬೇರೆ. ಅವ್ರು ಅಲ್ಲಿರೋಗಂಟ ನಾನು ಗೋಡೆಗ್ ಒರಗ್ಕಂಡ್ ನಿಂತಿರ್ಬೇಕಿತ್ತು. ನನ್ ಕುರ್ಚಿ ಮೇಲೆ ಟೀ ಫ್ಲಾಸ್ಕ್ ಕೂತಿತ್ತು. ನಂಗೆ ಕೂರಾಕ್ ಜಾಗ ಬೇಕಿತ್ತು, ಎತ್ತುದೆ."

ಅಕ್ಕನ ಬೆರಳಿನಲ್ಲಿದ್ದ ಅವರೆಕಾಳು ಪುಸಕ್ಕನೆ ಜಿಗಿದು ಮೇಷ್ಟ್ರ ಕಾಲ ಹತ್ತಿರ ಬಿತ್ತು. ಅವಳು ಅದನ್ನು ಹುಡುಕಲಿಲ್ಲ. ನನ್ನನ್ನೇ ನೋಡಿದಳು. ಆಮೇಲೆ ಜಗಲಿಯ ಕಡೆ ನೋಡಿದಳು. ಆಮೇಲೆ ಅವಳ ಹೊಟ್ಟೆ ಅಲುಗಲು ಶುರುವಾಯಿತು. ಅವಳು ನಗುವುದು ಹಾಗೆಯೇ, ಮೊದಲು ಹೊಟ್ಟೆ, ಆಮೇಲೆ ಬಾಯಿ.

"ಅಂಗಾದ್ರೆ ಅವಿಶ್ವಾಸ ನನ್ ಮೇಲಲ್ಲ, ಇವ್ರ ಮೇಲೆ," ಅಂದಳು.

"ಔದು ಮತ್ತೆ."

"ಸೋತೋಳು ನಾನಲ್ಲ."

"ನೀನ್ ಎಂಗ್ ಸೋಲ್ತೀಯೆ, ನೀನ್ ಅಲ್ಲಿ ಇದ್ರೆ ತಾನೆ?"

"ಮೇಷ್ಟ್ರೆ, ಸೆರಗು ತೆಗುದ್ಬುಡಿ," ಅಂದಳು ಅಕ್ಕ. "ಇಂಗ್ ಬರ್ಕಳಿ. ಅಧ್ಯಕ್ಸೆ ಗಂಡನ ಮೇಲೆ ಅವಿಶ್ವಾಸ ಆಗಿ ಗಂಡ ಸೋತೋದ, ಅಧ್ಯಕ್ಸೆ ಅಂಗೇ ಮನ್ಗೆ ಬಂದು ಸುಕವಾಗ್ ಅವ್ಳೆ ಅಂತ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. ಅವರು ಹಾಗೆ ಒರೆಸಿದರೆ ಏನೋ ಅಡ್ಡಿ ಇದೆ ಅಂತಲೇ ಅರ್ಥ. "ಬರೀಬೋದು ಅಕ್ಕ. ಆದ್ರೆ ಆಧಾರ ಬೇಕು."

"ಆಧಾರ್ ಕಾರ್ಡು ಒಳಗದೆ, ತರ್ಲಾ?" ಅಂದೆ.

"ಆ ಆಧಾರ ಅಲ್ಲ. ಎಲ್ಲಾದ್ರೂ ಅಚ್ಚಾಗಿರ್ಬೇಕು. ಪೇಪರಲ್ಲೋ ಪುಸ್ತಕದಲ್ಲೋ."

"ಕೈ ನಂದು. ಎತ್ತಿದೋಳು ನಾನು. ನಿಮ್ ಮುಂದೇನೇ ಕೂತಿದೀನಿ. ನನಗಿಂತ ಆಧಾರ ಬೇಕಾ?"

"ನೀವು ಆಧಾರ ಆಗಲ್ಲ ಅಕ್ಕ," ಅಂದರು ಮೇಷ್ಟ್ರು. ಅವರಿಗೇ ಬೇಜಾರಾಗಿತ್ತು. "ನಿಯಮ ಅಂಗದೆ. ಇಲ್ದಿದ್ರೆ ಎಲ್ರೂ ಬಂದು ನಾನೇ ರಾಜ ಅಂತ ಬರ್ಕೊಂಡ್ ಹೋಗ್ತಾರೆ. ಸಭೆಯ ನಡಾವಳೀಲಿ ಯಾರ್ ಕೈ ಎತ್ತಿದ್ರು ಅಂತ ಇರ್ತದೆ, ಯಾಕ್ ಎತ್ತಿದ್ರು ಅಂತ ಇರಲ್ಲ. ಯಾಕೆ ಅನ್ನೋದು ಇರೋದು ಆ ಪೇಪರ್ ಒಂದ್ರಲ್ಲೆ."

"ಪೇಪರ್ನೋನ್ಗೆ ಯಾರ್ ಯೋಳುದ್ರು? ನನ್ನಂತೂ ಕೇಳ್ಲಿಲ್ಲ."

ಮೇಷ್ಟ್ರು ಮೊಬೈಲಿನಲ್ಲಿ ಆ ಹಳೆಯ ಪೇಪರಿನ ಫೋಟೋ ಹುಡುಕಿದರು. ಹುಡುಕಿ, ಸ್ವಲ್ಪ ಧ್ವನಿ ಇಳಿಸಿ ಓದಿದರು. "ಎಂದು ಅಧ್ಯಕ್ಷೆಯ ಪತಿ ತಿಳಿಸಿದರು."

ಮೂವರೂ ಜಗಲಿಯ ಕಡೆ ತಿರುಗಿದೆವು. ಟವಲ್ಲು ಅಲುಗಲಿಲ್ಲ. ಗೊರಕೆ ಮಾತ್ರ ನಿಂತು ಬಹಳ ಹೊತ್ತಾಗಿತ್ತು ಅಂತ ಆಗ ನನಗೆ ಹೊಳೆಯಿತು.

"ಏಳಿ ಮ್ಯಾಕೆ," ಅಂದಳು ಅಕ್ಕ. "ನಿದ್ದೆ ಮಾಡೋನ್ನ ಎಬ್ಬುಸ್ಬೋದು, ಸುಳ್ ನಿದ್ದೆಯೋನ್ನ ಎಬ್ಬುಸಕ್ಕಾಗಲ್ಲ."

ಭಾವ ಎದ್ದು ಕೂತರು. ನಾನು ಎದ್ದು ನಿಂತು ಸೆರಗು ಹೊದ್ದೆ. ನಗಬೇಡಿ, ಅಂಗಳ ಅಂದರೆ ಮನೆ, ಪಂಚಾಯಿತಿ ಅಲ್ಲ. ಮನೆಯಲ್ಲಿ ನಾನು ಇವತ್ತಿಗೂ ನಿಲ್ಲುತ್ತೇನೆ, ಮಂಡಿ ಬೇಡ ಅಂದರೂ.

ಭಾವ ಟವಲ್ಲನ್ನು ಹೆಗಲಿಗೆ ಹಾಕಿಕೊಂಡು ತೆಂಗಿನ ಮರ ನೋಡುತ್ತಾ ಮೇಷ್ಟ್ರಿಗೆ ಹೇಳಿದರು. "ಮೇಷ್ಟ್ರೆ, ಅವ್ಳಿಗ್ ಯೋಳಿ. ನಾನ್ ಸುಳ್ ಯೋಳ್ಲಿಲ್ಲ. ಕಿಟ್ಕೀಲಿ ಕಣ್ಣಾರೆ ನೋಡ್ದೆ, ಸೆರಗು ಎಳ್ಕತಾ ಇದ್ಲು."

ಮೇಷ್ಟ್ರಿಗೆ ಈ ಪದ್ಧತಿ ಅಷ್ಟು ರೂಢಿಯಿಲ್ಲ. ಒಂದು ಮಾರು ದೂರದಲ್ಲಿರುವ ನನಗೆ ತಿರುಗಿ, "ಸೆರಗು ಎಳ್ಕತಾ ಇದ್ರಂತೆ," ಅಂದರು.

"ಎಡಗೈಲಿ ಎಳ್ಕಂಡೆ ಅಂತ ಯೋಳಿ ಮೇಷ್ಟ್ರೆ. ಎತ್ತಿದ್ದು ಬಲಗೈ. ಭಾವ ಬಂದಿದ್ದು ಆಮೇಲೆ."

"ಎಡಗೈ ಅಂತೆ," ಅಂದರು ಮೇಷ್ಟ್ರು.

"ಕೇಳುಸ್ತು," ಅಂದರು ಭಾವ. "ನಾನ್ ಅಂಗ್ ಅನ್ಕಂಡಿರ್ನಿಲ್ಲ. ಮರ್ವಾದೆಗ್ ಎಳ್ಕಂಡ್ಲು, ಕರ್ಮಕ್ಕೆ ಅದೇ ಓಟಾಯ್ತು ಅಂತ್ಲೇ ಹತ್ತು ವರ್ಸ ನಂಬ್ಕಂಡಿದ್ದೆ. ಅದ್ಕೇ ಒಂದ್ ಮಾತೂ ಬಯ್ಲಿಲ್ಲ. ಮೇಷ್ಟ್ರೆ, ಕೇಳಿ ಅವ್ಳ್ನ. ಅದೇನೋ ನಿಂತಿದ್ದೆ ಅಂದ್ಲಲ್ಲ, ಯಾವಾಗ್ ನಿಂತಿದ್ದು?"

"ಪ್ರತಿ ಮೀಟಿಂಗಲ್ಲೂ ಅಂತ ಯೋಳಿ."

"ಪ್ರತಿ ಮೀಟಿಂಗಲ್ಲೂ?" ಈ ಸಲ ಭಾವ ಮೇಷ್ಟ್ರಿಗೆ ಕಾಯಲಿಲ್ಲ. "ಒಂದ್ ದಿನಾನೂ ಕೂರ್ನಿಲ್ವಾ?"

"ಭಾವನ್ ಎದ್ರಿಗೆ ಎಂಗ್ ಕೂರದು ಅಂತ ಕೇಳಿ ಮೇಷ್ಟ್ರೆ."

ಭಾವ ತಲೆ ಕೆರೆದುಕೊಂಡರು. ಆಮೇಲೆ ಬಂದ ಮಾತು ನಾನು ನಿರೀಕ್ಷೆ ಮಾಡಿದ್ದಲ್ಲ. "ನಂಗ್ ಗೊತ್ತೇ ಆಗ್ನಿಲ್ವಲ್ಲ ಮೇಷ್ಟ್ರೆ. ತಮ್ಮನ್ ಎಂಡ್ತಿ ಇರೋ ಕಡೆ ನಾನ್ ತಿರುಗ್ ನೋಡೋನೇ ಅಲ್ಲ. ಕೂತವ್ಳೆ ಅನ್ಕಂಡಿದ್ದೆ."

ಕ್ವಾರಿಯಲ್ಲಿ ಕಲ್ಲು ಸಿಡಿಯಿತು, ಒಳಗೆ ಪಾತ್ರೆ ಟಿಣ್ ಅಂದವು. ಅವರು ನನ್ನನ್ನು ನೋಡಿಯೂ ಬೇಕೆಂದೇ ನಿಲ್ಲಿಸಿದ್ದಾರೆ ಅಂತ ನಾನು ಹತ್ತು ವರ್ಷ ಅಂದುಕೊಂಡಿದ್ದೆ. ಅವರು ನೋಡಿಯೇ ಇರಲಿಲ್ಲ. ನಾನು ಕಟ್ಟು ಪಾಲಿಸಿ ನಿಂತೆ, ಅವರು ಕಟ್ಟು ಪಾಲಿಸಿ ನೋಡಲಿಲ್ಲ. ಮಧ್ಯದಲ್ಲಿ ಫ್ಲಾಸ್ಕು ಸುಖವಾಗಿ ಕೂತಿತ್ತು.

"ಕೂತ್ಕ ಅಂತ ನೀನಾದ್ರೂ ಅನ್ಬಾರ್ದಿತ್ತಾ?" ಅಂತ ಭಾವ ಅಕ್ಕನ ಮೇಲೆ ಹರಿಹಾಯ್ದರು.

"ನಾನ್ ಯಾರು ಅನ್ನಕ್ಕೆ? ಅಧ್ಯಕ್ಸರು ನೀವು," ಅಂದಳು ಅಕ್ಕ. ಮತ್ತೆ ಹೊಟ್ಟೆ ಅಲುಗಿತು.

ಮೇಷ್ಟ್ರು ಇದೇ ಸಮಯ ಅಂತ ಕಾನೂನು ಹೇಳಿದರು. ಆ ವರದಿಗಾರ ಈಗಲೂ ಪಾಂಡವಪುರದಲ್ಲೇ ಇದ್ದಾನೆ, ಜೆರಾಕ್ಸ್ ಅಂಗಡಿಯ ಪಕ್ಕ ಕೂರುತ್ತಾನೆ. ಅಂದು ಹೇಳಿದವರೇ ಹೋಗಿ, ನಾನು ತಪ್ಪು ತಿಳಿದು ಹೇಳಿದ್ದೆ ಅಂದರೆ, ಅವನು ಎರಡು ಸಾಲು ಹಾಕಬಹುದು. ಪೇಪರಿನಲ್ಲಿ ಬಂದರೆ ವಿಶ್ವಕೋಶದಲ್ಲಿ ತಿದ್ದಬಹುದು.

ಭಾವನಿಗೆ ಇದು ಹಿಡಿಸಲಿಲ್ಲ. ಮುಖ ಹುಳ್ಳಗೆ ಮಾಡಿಕೊಂಡರು. "ಈ ವಯಸ್ನಲ್ಲಿ ಓಗಿ, ನನ್ ಮೇಲೇ ಅವಿಶ್ವಾಸ ಆಗಿತ್ತು ಕಣಪ್ಪ ಬರ್ಕೊ ಅಂತ ನಾನೇ ಯೋಳ್ಬೇಕಾ?"

"ಬ್ಯಾಡ ಬುಡಿ," ಅಂದೆ, ಎಮ್ಮೆಯ ಕಡೆ ತಿರುಗಿ. "ನಾನ್ ಸಾಯೋಗಂಟ ಸೆರಗ್ನೋಳು ಅಂತ್ಲೇ ಇರ್ತೀನಿ. ಸತ್ತ ಮ್ಯಾಲೂ ಮೊಬೈಲಲ್ಲಿ ಅಂಗೇ ಇರ್ತೀನಿ."

ಎಮ್ಮೆ ಮೆಲುಕು ಹಾಕಿತು. ಭಾವ ಅದನ್ನೇ ನೋಡಿಕೊಂಡು ಕೂತರು. ಅವರು ಹಟಮಾರಿ, ಕೆಟ್ಟವರಲ್ಲ. ತಮ್ಮ ಸತ್ತ ಮೇಲೆ ನನ್ನ ಪಾಲಿನ ಗದ್ದೆಗೆ ನೀರು ತಿರುಗಿಸಿದವರು ಅವರೇ, ಅದನ್ನೂ ನನಗೆ ಹೇಳದೆ ಎಮ್ಮೆಗೆ ಹೇಳಿಯೇ.

"ಆಯ್ತು ಬತ್ತೀನಿ," ಅಂದರು ಕೊನೆಗೆ. "ಆದ್ರೆ ಮೇಷ್ಟ್ರೆ, ಸೋತೋದ ಅಂತ ಬರೀಬ್ಯಾಡಿ. ಎಂಗಾರಾ ತಿರುಗ್ಸಿ ಬರೀರಿ."

"ತಟಸ್ಥವಾಗಿ ಬರೀತೀನಿ," ಅಂದರು ಮೇಷ್ಟ್ರು.

"ಅದೇನೋ, ಅಂಗೇ ಬರೀರಿ."

ಮೇಷ್ಟ್ರು ಹೋಗುವ ಮುಂಚೆ ಇನ್ನೊಂದು ಕೆಲಸ ಮಾಡಿದರು. ಪೇಪರಿನಲ್ಲಿ ಬರುವವರೆಗೂ ಇರಲಿ ಅಂತ, ಸೆರಗಿನ ಸಾಲಿನ ಕೊನೆಗೆ ಸಣ್ಣ ಅಕ್ಷರದಲ್ಲಿ ಒಂದು ಗುರುತು ಹಾಕಿ ನನಗೆ ತೋರಿಸಿದರು. ಹೆಚ್ಚಿನ ಆಧಾರ ಬೇಕಾಗಿದೆ ಅಂತ ಇತ್ತು. ಓದಿದವರು ಇಲ್ಲಿಗೆ ಬಂದು ಅನುಮಾನ ಪಡುತ್ತಾರಂತೆ. ನನಗೆ ಅದು ಬಹಳ ಹಿಡಿಸಿತು. ಹತ್ತು ವರ್ಷದಲ್ಲಿ ಆ ಕತೆಯ ಮೇಲೆ ಅನುಮಾನ ಪಟ್ಟವರು ಅದೇ ಮೊದಲು. ಅರ್ಧ ಸೇರು ಹಿದುಕಿದ ಬೇಳೆ ಕೊಟ್ಟು ಕಳಿಸಿದೆ.

ಮುಂದೆ ಪೇಪರಿನ ಒಳಪುಟದಲ್ಲಿ ಬಂತು, ಮೇಷ್ಟ್ರು ತಿದ್ದಿದರು. ಸಭೆಯಲ್ಲಿ ತಮಗೆ ಆಸನ ಹಾಗೂ ಮಾತಿನ ಅವಕಾಶ ದೊರೆಯದ ಕಾರಣ ಸದಸ್ಯೆಯೊಬ್ಬರು ಸ್ವಇಚ್ಛೆಯಿಂದ ಕೈ ಎತ್ತಿದರು ಅಂತ ಈಗ ಇದೆ. ಸ್ವಇಚ್ಛೆ ಅನ್ನುವಲ್ಲಿ ನಿಂತು ಉಸಿರು ತೆಗೆದುಕೊಳ್ಳಬೇಕು, ಆದರೂ ಓದುತ್ತೇನೆ. ಅದೆಲ್ಲ ಆಮೇಲಿನದು.

ಮಾರನೇ ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ, ರಾತ್ರಿಯ ಮುದ್ದೆ ಮುರಿದು ಮಜ್ಜಿಗೆಗೆ ಕಿವುಚಿ ಕುಡಿದು, ನಾನು, ಅಕ್ಕ, ಭಾವ ಮೂವರೂ ಪಾಂಡವಪುರದ ಬಸ್ಸು ಹತ್ತಿದೆವು. ಹೆಂಗಸರಿಗೆ ಬಸ್ಸು ಫ್ರೀ, ಭಾವ ಒಬ್ಬರೇ ಕಾಸು ಕೊಟ್ಟರು, ಅದಕ್ಕೂ ಗೊಣಗಿದರು. ವರದಿಗಾರ ಆಗ ತಾನೇ ಬಾಗಿಲು ತೆಗೆದು ಕಸ ಗುಡಿಸುತ್ತಿದ್ದ. ಅದು ಮನೆಯಲ್ಲವಲ್ಲ, ಕುರ್ಚಿ ಕೊಟ್ಟಾಗ ನಾನೂ ಕೂತೆ. ನಮ್ಮನ್ನು ಕೂರಿಸಿ, ಪೆನ್ನಿನ ಮುಚ್ಚಳ ತೆಗೆದು, ಏನ್ ವಿಷ್ಯ ಅಂತ ಭಾವನ ಮುಖ ನೋಡಿದ. ಭಾವ ಗಂಟಲು ಸರಿಮಾಡಿಕೊಂಡರು. ಅವರು ಶುರು ಮಾಡುವ ಮುಂಚೆ, ಯಾರೂ ಕೇಳದಿದ್ದರೂ, ಆ ಕೈ ಯಾಕೆ ಎತ್ತಿದೆ ಅಂತ ಹೇಳಲು ನಾನೇ ಬಾಯಿ ಬಿಟ್ಟೆ.